ಕುಸುಬಿ ಎಣ್ಣೆ ಕುಡಿದ ಬಾಗಿಲುಗಳು

ಆ ಕಾರಿನ ಬಾಗಿಲುಗಳು ನೆನಪಾದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಶಹಾಬಾದಿನ ಕಲ್ಲುಗಣಿ ಸಾಹುಕಾರರೊಬ್ಬರ ಬಳಿ ನಾನು ಡ್ರೈವರ್ ಆಗಿದ್ದೆ. ಅವರು ಮುಂಬಯಿಯಿಂದ ಹಳೆಯದೊಂದು ವಿದೇಶಿ ಕಾರು ತರಿಸಿದ್ದರು. ನನ್ನ ಪಕ್ಕದ ಬಾಗಿಲಿನ ಗುಂಡಿ ಒತ್ತಿದರೆ ಸಾಕು, ನಾಲ್ಕೂ ಬಾಗಿಲು ಒಮ್ಮೆಲೇ ‘ಖಟ್’ ಎಂದು ಲಾಕ್ ಆಗುತ್ತಿದ್ದವು. ಚಿತ್ತಾಪುರದ ರಸ್ತೆಯ ತಗ್ಗುಗಳಲ್ಲಿ ಸೊಂಟ ಮುರಿದುಕೊಳ್ಳುವ ಗಾಡಿಗೆ ಇಂಥ ವಯ್ಯಾರ! ಸಾಹುಕಾರರಿಗೆ ಮಾತ್ರ ಆ ಸದ್ದೆಂದರೆ ಜೀವ. ವಾಡಿ ಸ್ಟೇಷನ್ನಿನ ಮುಂದಾಗಲಿ, ಕಾಳಗಿ ಸಂತೆಯಲ್ಲಾಗಲಿ, ನಾಲ್ಕು ಜನ ಕಂಡರೆ "ಒತ್ತು" ಎನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಕೋತಿ ಆಡಿಸುವವನೂ ನಾನೇ, ಕೋತಿಯೂ ನಾನೇ.

ಒಂದು ಮುಂಜಾನೆ ಒತ್ತಿದರೆ ಸದ್ದೇ ಇಲ್ಲ. ಮರುದಿನ ಸೇಡಂನಿಂದ ಹೊಸ ಬೀಗರು ಬರುವವರಿದ್ದರು. ಸಾಹುಕಾರರ ಮುಖ ಕೆಂಪಾಯಿತು.

"ಬೀಗ್ರು ಬರೂದ್ರಾಗ ಇದು ನಡೀಬೇಕು ನೋಡು. ಈ ಮುದುಕ ದಿನಾ ಕೊಡಗಟ್ಲೆ ನೀರ್ ಸುರೂತಾನ, ಒಳಗಿನ ವಯರ್ ತೊಯ್ದಿರಬೇಕು. ಹಂಗೇನರ ಇದ್ರ ಇವತ್ತೇ ಇವನ್ನ ಮನಿಗಿ ಕಳಸ್ತೀನಿ."

ಮುದುಕ ಅಂದರೆ ಕಾರು ತೊಳೆಯುವ ಕಾಕಾ. ಗುಂಡಗುರ್ತಿಯವನು. ಇದೇ ಸಾಹುಕಾರರ ಗಣಿಯಲ್ಲಿ ಕಲ್ಲು ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಅದಾದ ಮೇಲೆ ಅವನಿಗೆ ಉಳಿದ ಕೆಲಸ ಇದೊಂದೇ. ಬಕೆಟ್ ಹಿಡಿದು ಅಲ್ಲೇ ನಿಂತಿದ್ದ.

ನಾನು ಮೊದಲು ಫ್ಯೂಜು ತೆಗೆದು ನೋಡಿದೆ. ಸುಟ್ಟಿರಲಿಲ್ಲ, ಗಟ್ಟಿಯಾಗಿತ್ತು. ವಯರಿಗೆ ನೀರು ಹೊಕ್ಕಿದ್ದರೆ ಮೊದಲು ಸಾಯುವುದು ಅದೇ. ಆಮೇಲೆ ಗುಂಡಿ ಒತ್ತಿ ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಸಣ್ಣ ಮೋಟರು ಗುಂಯ್ ಎನ್ನುತ್ತಿತ್ತು. ಕರೆಂಟು ಬರುತ್ತಿದೆ, ಲಾಕಿನ ಸರಳು ಮಾತ್ರ ಜರುಗುತ್ತಿಲ್ಲ. ನೀರಿನ ತಪ್ಪಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಸ್ಕ್ರೂ ಬಿಚ್ಚಿ ಒಳಗಿನ ಹಲಗೆ ಎಬ್ಬಿಸಿದೆ.

ಥೂ! ಕಮಟು ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಲಾಕಿನ ಸರಳಿಗೆ, ಸ್ಪ್ರಿಂಗಿಗೆ, ಎಲ್ಲದಕ್ಕೂ ಕಂದು ಬಣ್ಣದ ಜಿಗುಟು ಮೆತ್ತಿತ್ತು. ಅದರಲ್ಲಿ ಶಹಾಬಾದಿನ ಕಲ್ಲಿನ ಪುಡಿ ಕಲೆತು, ಒಣಗಿ, ಗಾರೆಯಂತೆ ಕಚ್ಚಿಕೊಂಡಿತ್ತು. ಬೆರಳಿಗೆ ಹತ್ತಿದ್ದು ಒರೆಸಿದರೂ ಹೋಗಲಿಲ್ಲ.

ಅದು ನನ್ನದೇ ಕೈಕೆಲಸ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಕುಂಕುಮವಿಟ್ಟು ಕಾಯಿ ಒಡೆಯುವುದು ರೂಢಿ. ನಮ್ಮ ಮನೆಯಲ್ಲಿ ಕಿರುಗುಟ್ಟುವ ಬಾಗಿಲಿಗೆ, ಬೀಗಕ್ಕೆ, ರಾಟೆಗೆ ಎಲ್ಲಕ್ಕೂ ಒಂದೇ ಮದ್ದು, ಅಡುಗೆಯ ಕುಸುಬಿ ಎಣ್ಣೆ. ಹಾಗಾಗಿ ಪ್ರತಿ ಅಮಾವಾಸ್ಯೆಗೂ ಕಾಕಾ ಗಾಡಿ ತೊಳೆದ ಮೇಲೆ ನಾಲ್ಕೂ ಬಾಗಿಲಿನ ಗಾಜಿನ ಸಂದಿಯಲ್ಲಿ ಭಕ್ತಿಯಿಂದ ಒಂದೊಂದು ಚಮಚ ಕುಡಿಸುತ್ತಿದ್ದೆ. ಆ ಎಣ್ಣೆ ಕೂತಲ್ಲೇ ಅಂಟಾಗಿ ಒಣಗುತ್ತದೆಂದು ದೇವರ ದೀಪದ ಬುಡ ತಿಕ್ಕಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ವಿದೇಶಿ ಕಾರಿನೊಳಗೆ ಅದು ತನ್ನ ಗುಣ ಬಿಡುತ್ತದೆಂದು ಯಾಕೆ ನಂಬಿದೆನೋ!

"ನೀರೇ ಹೌದಿಲ್ಲೋ?" ಸಾಹುಕಾರರು ಹಿಂದಿನಿಂದ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎಣ್ಣೆಯ ಕೈಯನ್ನು ಬೆನ್ನ ಹಿಂದೆ ಸರಿಸಿದೆ.

"ಹೌದ್ರಿ, ನೀರೇ ಹೋಗ್ಯಾದ್ರಿ" ಎಂದೆ.

ಒಂದು ಉಸಿರಿನಷ್ಟೂ ತಡವಾಗಲಿಲ್ಲ ಆ ಸುಳ್ಳು. ಸಾಹುಕಾರರು ಮುದುಕನ ಕಡೆ ತಿರುಗಿ "ಇನ್ನ ನಾಳಿಂದ ಬರಬ್ಯಾಡ" ಎಂದು ಒಳಗೆ ಹೋದರು.

ಮಧ್ಯಾಹ್ನವೆಲ್ಲ ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಆ ಹೊಲಸನ್ನು ಕೆರೆದು ತೆಗೆದೆ. ನಾಲ್ಕನೆಯ ಬಾಗಿಲು ಮುಗಿಸಿ ಗುಂಡಿ ಒತ್ತಿದಾಗ ‘ಖಟ್’ ಎಂದಿತು. ಸಾಹುಕಾರರು ಓಡಿ ಬಂದು ಬೆನ್ನು ತಟ್ಟಿದರು. ಅವರು ತಟ್ಟಿದ ಜಾಗವೂ ನನಗೆ ಅಸಹ್ಯವೆನಿಸಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕಾಕಾ ಹೋಗುವ ಮುಂಚೆ ಬಕೆಟ್ ತೊಳೆದು ಬೋರಲು ಹಾಕಿದ, ಒರೆಸುವ ಬಟ್ಟೆ ಹಿಂಡಿ ತಂತಿಗೆ ಒಣಹಾಕಿದ. ಆಮೇಲೆ ಕಾಲೆಳೆಯುತ್ತ ನನ್ನ ಹತ್ತಿರ ಬಂದ. ಬೈದಾನು ಎಂದುಕೊಂಡೆ. ಬೈಯಲಿ ಎಂದೂ ಬೇಡಿಕೊಂಡೆ. ಅವನು ನನ್ನ ಕೈ ನೋಡಿ, ಬಹಳ ಮೆಲ್ಲಗೆ ಹೇಳಿದ:

"ಕುಸುಬಿ ಎಣ್ಣಿ ಜಿಡ್ಡು ನೀರಿಗಿ ಹೋಗಲ್ಲ ತಮ್ಮಾ. ಕಡ್ಲಿ ಹಿಟ್ಟು ಹಚ್ಚಿ ತಿಕ್ಕೋ."