ಬಾಣಂತಿಯ ಹಾಲೂ ನನ್ನ ಬುದ್ಧಿವಂತಿಕೆಯೂ

ಕಳೆದ ಸೋಮವಾರ ಇಂದಿರಾನಗರದಿಂದ ವಾಪಸ್ ಬರುವಾಗ ಆಟೋದಲ್ಲೇ ಒಂದು ಶಿಳ್ಳೆ ಹಾಕಬೇಕು ಅನ್ನಿಸಿತು. ನನಗೆ ಐವತ್ತೆರಡು ವಯಸ್ಸು. ಪಕ್ಕದಲ್ಲಿ ಬಾಣಂತಿ, ಅವಳ ಮಡಿಲಲ್ಲಿ ಒಂಬತ್ತು ದಿನದ ಕೂಸು. ಹಾಕಲಿಲ್ಲ. (ಶಿಳ್ಳೆ ಹಾಕಲು ಬರುವುದಿಲ್ಲ ಅನ್ನುವುದೂ ಒಂದು ಕಾರಣ.)

ವಿಷಯ ಹೇಳುತ್ತೇನೆ. ಬಾಣಂತಿ ಅಂದರೆ ನನ್ನ ತಂಗಿಯ ಮಗಳು ಸುಧಾ. ಅವಳು ಆಸ್ಪತ್ರೆಯಿಂದ ಸಿ.ವಿ. ರಾಮನ್ ನಗರದ ತವರಿಗೆ ಬಂದ ದಿನ ಡಿಸ್ಚಾರ್ಜ್ ಕಾರ್ಡ್ ಓದಿದವಳು ನಾನು. ನಮ್ಮ ಕಡೆ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಓದುವುದು ನನ್ನದೇ ಕೆಲಸ. ಮೊದಲ ಪುಟದಲ್ಲೇ ಕೆಂಪು ಇಂಕಿನಲ್ಲಿ 'ಹೆಪಟೈಟಿಸ್ ಬಿ ಪಾಸಿಟಿವ್' ಅಂತಿತ್ತು. ಲಿವರ್ ಕೆಡಿಸುವ ವೈರಸ್, ರಕ್ತದಲ್ಲಿರುತ್ತೆ ಅಂತ ಗೊತ್ತಿತ್ತು. ರಕ್ತದಲ್ಲಿದ್ದದ್ದು ಹಾಲಿನಲ್ಲಿ ಇರುವುದಿಲ್ಲವೇ? ನನಗೆ ಅಷ್ಟೇ ಸಾಕಾಯಿತು.

"ಮಗೂಗೆ ಹಾಲು ಕೊಡ್ಬೇಡ" ಅಂದುಬಿಟ್ಟೆ. ಹಾಲಿನ ಪುಡಿ ಡಬ್ಬಿ, ಬಾಟಲಿ ನಾನೇ ತಂದೆ. ಸುಧಾ ಹೆಸರು ಕೆತ್ತಿಸಿದ್ದ ಹಳೇ ಸ್ಟೀಲ್ ತಟ್ಟೆ, ಲೋಟವನ್ನು ಅಟ್ಟದಿಂದ ಇಳಿಸಿ ಬೇರೆ ಮೂಲೆಯಲ್ಲಿಟ್ಟೆ.

ಆಮೇಲೆ ನಡೆದದ್ದು ನೋಡಿ. ಹಾಲು ಹೆಚ್ಚಲಿ ಅಂತ ತಂಗಿ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಬಡಿಸುತ್ತಲೇ ಇದ್ದಳು. ಅದು ರೂಢಿ, ಬಿಡುವುದು ಹೇಗೆ? ಹುಡುಗಿ ಅದನ್ನು ಉಂಡು, ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಮಗು ಬಾಟಲಿ ಉಗುಳಿ ಅಳುತ್ತಿತ್ತು. ಎದೆಯಲ್ಲಿ ಹಾಲು ಕಟ್ಟಿ ನೋವಿಗೆ ಸುಧಾಳೂ ಅಳುತ್ತಿದ್ದಳು.

ಐದನೇ ದಿನ ಅವಳೇ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಹೊರಟು ನಿಂತಳು. "ನೀವು ಹೇಳಿದ್ದು ಸಾಕು ದೊಡ್ಡಮ್ಮ. ಡಾಕ್ಟ್ರು ಹೇಳ್ಲಿ."

ಇಂದಿರಾನಗರದ ಮಕ್ಕಳ ಡಾಕ್ಟರಮ್ಮ ಕಾರ್ಡಿನ ಎರಡನೇ ಪುಟ ತಿರುಗಿಸಿದರು. (ನಾನು ತಿರುಗಿಸಿಯೇ ಇರಲಿಲ್ಲ!) "ಹುಟ್ಟಿದ ತಕ್ಷಣ ಎರಡು ಇಂಜೆಕ್ಷನ್ ಕೊಟ್ಟಿದಾರಲ್ಲ. ಒಂದು ಲಸಿಕೆ, ಇನ್ನೊಂದು ಕೂಡಲೇ ರಕ್ಷಣೆಗೆ. ಹಾಲು ಯಾಕಮ್ಮ ನಿಲ್ಸಿದ್ರಿ? ಧಾರಾಳವಾಗಿ ಕೊಡ್ಬಹುದು. ತೊಟ್ಟು ಒಡೆದು ರಕ್ತ ಬಂದ್ರೆ ಬಂದು ತೋರ್ಸಿ. ಲಸಿಕೆಯ ಉಳಿದ ಡೋಸ್ ಮಾತ್ರ ತಪ್ಪಿಸ್ಬೇಡಿ. ಈಗ ಇಲ್ಲೇ ಕುಡ್ಸಿ."

ಕುಡಿಸಿದಳು! ಮೇಲೆ ಒಂದು ವಿಮಾನ ಹಳೇ ಏರ್‌ಪೋರ್ಟಿಗೆ ಇಳಿಯುತ್ತಿತ್ತು. ಅದರ ಸದ್ದು ನಿಂತ ಮೇಲೆ ಪರದೆಯ ಆಚೆಯಿಂದ ಕೂಸು ಗುಟುಕರಿಸುವುದು ಕೇಳಿಸಿತು. ಆ ಖುಷಿಯನ್ನು ಹೇಗೆ ಬರೆಯಲಿ? ನಾಚಿಕೆಯೂ ಆಯಿತು, ಕಣ್ಣೀರೂ ಬಂತು.

"ತಟ್ಟೆ, ಲೋಟ?" ಅಂತ ಮೆಲ್ಲಗೆ ಕೇಳಿದೆ.

"ಅದರಿಂದ ಹರಡಲ್ಲ ರೀ" ಅಂದವರು ನನ್ನನ್ನೇ ನೋಡಿದರು. "ಸುಧಾ ಅವ್ರಿಗೆ ಹುಟ್ಟುವಾಗ್ಲೇ ತಾಯಿಯಿಂದ ಬಂದಿರಬಹುದು. ತಾಯಿಗೆ ಅವರ ತಾಯಿಯಿಂದ. ನೀವು ಆ ತಾಯಿಯ ಅಕ್ಕ ತಾನೆ, ಹಾಗಾದ್ರೆ ನಿಮಗೂ ಇರಬಹುದಲ್ಲ? ಟೆಸ್ಟ್ ಮಾಡಿಸಿದೀರಾ?"

ಊರವರ ಕಾಗದವನ್ನೆಲ್ಲ ಓದಿದವಳು, ನನ್ನ ರಕ್ತದ ಬಗ್ಗೆ ಒಂದು ಸಾಲೂ ಓದಿರಲಿಲ್ಲ.

ಮೊನ್ನೆ ನಾನೂ ತಂಗಿಯೂ ಹೋಗಿ ರಕ್ತ ಕೊಟ್ಟು ಬಂದೆವು. ರಿಪೋರ್ಟ್ ನಾಳೆ. ಬಾಟಲಿ ಅಟ್ಟ ಸೇರಿದೆ, ಕೂಸು ಹೊಟ್ಟೆ ತುಂಬ ಕುಡಿದು ಮಲಗುತ್ತಿದೆ. ನಿನ್ನೆ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಬಾಣಂತಿ ಕೋಣೆಯಿಂದಲೇ ಸುಧಾ ನಗುತ್ತ ಕೂಗಿದಳು:

"ದೊಡ್ಡಮ್ಮ, ನಿಮ್ಮ ತಟ್ಟೆ ಬೇರೆ ಇಡೋಕೆ ಹೇಳ್ಲಾ?"