ಹುಳುಮನೆಯ ಆರು ದಿನ

ಬಸಿರು ಇಳಿಸಲು ಕಡ್ಡಿ ಇಡಿಸಿಕೊಂಡು ಬಂದ ಮಾರನೆಯ ದಿನ ಬೆಳಿಗ್ಗೆ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಸೀರೆ ಒದ್ದೆಯಾದದ್ದು ಗೊತ್ತಾಯಿತು. ಮೊದಲು ಬೆವರು ಅಂದುಕೊಂಡೆ.

ರಕ್ತ.

ಆಗಲೇ ಹೊರಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ರಾಯಲ್ಪಾಡಿನ ಕಡೆ ಮುಟ್ಟಾದ ಹೆಂಗಸು ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹುಳು ಕೊಳೆತು ಬೆಳೆ ಹೋಗುತ್ತದೆ ಅನ್ನುತ್ತಾರೆ. ಹುಳುಗಳು ಆಗಷ್ಟೇ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಅವು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಆದ ಮೇಲೆ ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ, ನಮಗೆ ಹಾಕುವುದೊಂದೇ ಕೆಲಸ. ಆ ಸಲದ ಬೆಳೆ ಪೂರ್ತಿ ನನ್ನ ಕೈಯಲ್ಲಿತ್ತು. ನಾನು ಬಸುರಿ ಎಂದು ಅತ್ತೆಗೆ ಗೊತ್ತಾಗಿತ್ತು. "ಇನ್ನು ನೀನು ದೂರ ಕೂರೋ ಹಂಗಿಲ್ಲ, ಹುಳ ನೀನೇ ನೋಡ್ಕೋ," ಎಂದು ಖುಷಿಯಿಂದಲೇ ಹೇಳಿದ್ದರು. ಈಗ ದೂರ ಕೂತರೆ, ಹೊಟ್ಟೆಯಲ್ಲಿದ್ದದ್ದು ಏನಾಯಿತು ಎಂದು ಕೇಳುತ್ತಾರೆ.

ಹಳೇ ಪಂಚೆ ಹರಿದು ಕಟ್ಟಿಕೊಂಡೆ. ಮತ್ತೆ ಸೊಪ್ಪು ಹಾಕಲು ನಿಂತೆ.

ಕಡ್ಡಿ ಯಾಕೆ ಇಡಿಸಿಕೊಂಡೆ ಎಂದು ಹೇಳಿಬಿಡುತ್ತೇನೆ. ನಾಚಿಕೆಯೆಲ್ಲ ಆಸ್ಪತ್ರೆಯಲ್ಲೇ ಹೋಯಿತು. ನಾಲ್ಕು ಮಕ್ಕಳನ್ನು ಹೆತ್ತಿದ್ದೆ. ನಾಲ್ಕನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಕೈಕಾಲು ತಣ್ಣಗಾಗಿ, ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದರು. ಊರಿಗೆ ಬರುತ್ತಿದ್ದ ನರ್ಸಮ್ಮ, "ಇನ್ನೊಂದಾದ್ರೆ ನೀನು ಉಳಿಯಲ್ಲ ಕಣೇ ರತ್ನಾ. ಆಪರೇಷನ್ ಮಾಡಿಸ್ಕೋ, ಇಲ್ಲಾ ವಂಕಿನಾದ್ರೂ ಹಾಕಿಸ್ಕೋ," ಎಂದಿದ್ದರು. ಬಸಿರು ನಿಲ್ಲದಂತೆ ಗರ್ಭದೊಳಗೆ ಇಡುವ ಸಾಧನಕ್ಕೆ ವಂಕಿ ಎನ್ನುತ್ತಾರೆ. ಸಿಟ್ಟು ಬಂದರೆ ತೆಲುಗಿಗೆ ಇಳಿಯುವ ಅತ್ತೆ, "ಮಾಕೇಮೀ ವದ್ದು, ಪೋಮ್ಮಾ," ಎಂದು ಆಕೆಯನ್ನು ಜಗುಲಿಯಿಂದಲೇ ಕಳಿಸಿಬಿಟ್ಟರು.

ಅತ್ತೆಯದು ಬರೀ ಮೊಂಡುತನವಲ್ಲ. ಎಮರ್ಜೆನ್ಸಿ ಕಾಲದಲ್ಲಿ ಅವರ ದೊಡ್ಡ ಮಗನನ್ನು, ಅಂದರೆ ನನ್ನ ಭಾವನನ್ನು, ಸಂತೆಯಿಂದ ಜೀಪಿಗೆ ಹತ್ತಿಸಿಕೊಂಡು ಹೋಗಿ ಆಪರೇಷನ್ ಮಾಡಿ ಕಳಿಸಿದ್ದರು. ಗಾಯ ಕೀವು ಕಟ್ಟಿತು. ತಿಂಗಳುಗಟ್ಟಲೆ ಮಲಗಿದವರು ಆಮೇಲೆ ಒಂದು ಹೊರೆ ಸೊಪ್ಪು ಎತ್ತಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆಪರೇಷನ್ ಎಂಬ ಮಾತೇ ಎತ್ತುವಂತಿರಲಿಲ್ಲ. ಬೇಡ ಎಂದವರಿಗೆ ಹಿಡಿದು ಮಾಡಿದರು. ಬೇಕು ಎಂದು ಹೋದ ನನಗೆ ಮಾಡಲಿಲ್ಲ.

ಹೌದು, ಹೋಗಿದ್ದೆ. ಐದನೆಯದು ನಿಂತಿದೆ ಎಂದು ಗೊತ್ತಾದ ಕೂಡಲೇ, ತವರಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ, ಅದನ್ನು ತೆಗೆಸಿಕೊಳ್ಳಲು ಒಂದು ಆಸ್ಪತ್ರೆಗೆ ಹೋದೆ. ಯಾವುದು ಎನ್ನುವುದು ಬೇಡ. ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ.

"ಗಂಡನ ಸಹಿ?"

"ನಾನೇ ಹಾಕ್ತೀನಿ ಸಾರ್. ಏಳನೇ ಕ್ಲಾಸು ಓದಿದೀನಿ."

"ನಿನ್ನ ಸಹಿ ಇಟ್ಕೊಂಡು ನಾನೇನಮ್ಮ ಮಾಡ್ಲಿ? ಅವನನ್ನ ಕರ್ಕೊಂಡ್ ಬಾ."

ಮನೆಗೆ ಬಂದು ಗಂಡನನ್ನು ಕೇಳಿದೆ. "ಅಣ್ಣನ್ನ ನೋಡಿದೀಯಲ್ಲೇ. ನಿನ್ನೂ ಹಂಗೇ ಮಾಡಿ ಕಳಿಸ್ತಾರೆ. ನಾನು ಹಾಕಲ್ಲ," ಎಂದರು. ಕೋಪದಿಂದಲ್ಲ, ಹೆದರಿಕೆಯಿಂದ. ಅದು ನನಗೆ ಆಗಲೂ ತಿಳಿದಿತ್ತು, ಆದರೂ ಹೊಟ್ಟೆ ಉರಿಯಿತು. ಮುಂದಿನ ವಾರ ಆಂಧ್ರದ ಗಡಿಯಾಚೆ ಹಳ್ಳಿಯ ಒಬ್ಬ ಮುದುಕಿಯ ಹತ್ತಿರ ಹೋದೆ. ಅವಳು ಯಾರ ಸಹಿಯನ್ನೂ ಕೇಳಲಿಲ್ಲ.

ಎರಡನೆಯ ದಿನ ಸೊಂಟ ಹಿಡಿಯಿತು. ಮೂರನೆಯ ದಿನ ಚಳಿ. ಬಟ್ಟೆಯನ್ನು ಹಿತ್ತಲಲ್ಲಿ ಒಣಹಾಕುವ ಹಾಗಿಲ್ಲ. ಹುಳು ತಿಂದು ಬಿಟ್ಟ ಕಡ್ಡಿ, ಹಿಕ್ಕೆಗಳ ಮಂಕರಿಯಲ್ಲಿ ಮುಚ್ಚಿಟ್ಟು ತಿಪ್ಪೆಗೆ ಒಯ್ದು ಹೂಳುತ್ತಿದ್ದೆ. ನಾಲ್ಕನೆಯ ದಿನದಿಂದ ನನ್ನ ಮೈಯಿಂದಲೇ ವಾಸನೆ ಬರತೊಡಗಿತು. ಹುಳುಮನೆಗೆ ಅದರದೇ ಒಂದು ವಾಸನೆ ಇರುತ್ತದಲ್ಲ, ಅದರಲ್ಲಿ ಇದೂ ಸೇರಿಹೋಯಿತು. ಕೂತರೆ ಏಳಲಾಗುತ್ತಿರಲಿಲ್ಲ, ಹಾಗಾಗಿ ಗೋಡೆಗೆ ಒರಗಿ ನಿಂತು, ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತ, ಇನ್ನು ಎರಡು ದಿನ, ಇನ್ನು ಒಂದು ದಿನ ಎಂದು ಜೀವ ಹಿಡಿದುಕೊಂಡಿದ್ದೆ.

ಐದನೆಯ ದಿನ ಅತ್ತೆ ಬಾಗಿಲಲ್ಲಿ ನಿಂತರು. "ಏನಮ್ಮೀ, ಮುಖ ಸುಣ್ಣ ಆಗೈತೆ?"

"ಊಟ ಸೇರ್ತಿಲ್ಲ ಅತ್ತೆ."

"ಬಸುರಿಗೆ ಹಂಗೇ ಬಿಡು. ಇವತ್ತು ಸಾರಿಗೆ ಹುಳಿ ಜಾಸ್ತಿ ಹಾಕ್ತೀನಿ," ಎಂದು ಹೋದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಅಳು ಬಂತು.

ಆರನೆಯ ದಿನ ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟೆ. ಕೊನೆಯ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ್ದು ನೆನಪಿದೆ.

ಆಮೇಲಿನದು ನೆನಪಿಲ್ಲ.

ಮಾವಿನಕಾಯಿ ಲಾರಿಯಲ್ಲಿ ಶ್ರೀನಿವಾಸಪುರ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಕೋಲಾರ. ಇದೆಲ್ಲ ಬೇರೆಯವರು ಹೇಳಿ ಗೊತ್ತು. ಸೆಪ್ಟಿಕ್ ಆಗಿತ್ತು. ಮೂರು ಬಾಟಲಿ ರಕ್ತ ಕೊಟ್ಟರು. ಗರ್ಭಕೋಶ ತೆಗೆದರು. ಆಗ ಗಂಡ ಸಹಿ ಹಾಕಿದರಂತೆ, ತೋರಿಸಿದ ಕಡೆಯೆಲ್ಲ.

ಹೊಲಿಗೆ ನೋಡಲು ಬಂದ ಲೇಡಿ ಡಾಕ್ಟರು ಗದರಿದರು. "ಓದು ಬರಹ ಬರೋಳು ನೀನು. ಕಡ್ಡಿ ಇಡಿಸ್ಕೊಳ್ಳೋ ಬದಲು ಆಸ್ಪತ್ರೆಗೆ ಹೋಗ್ಬಾರ್ದಿತ್ತಾ?"

"ಹೋಗಿದ್ದೆ ಡಾಕ್ಟ್ರೇ. ಗಂಡನ ಸಹಿ ಬೇಕು ಅಂದ್ರು."

ಅವರು ಹೊಲಿಗೆಯ ಮೇಲೆ ಬಟ್ಟೆ ಮುಚ್ಚಿದರು. "ಅದಕ್ಕೆ ಗಂಡನ ಸಹಿ ಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ಲಮ್ಮ. ವಯಸ್ಸಿಗೆ ಬಂದ ಹೆಂಗಸು ತಾನೇ ಒಪ್ಪಿದ್ರೆ ಸಾಕು," ಎಂದರು. ಈಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ನನ್ನ ಸಹಿ ಸಾಕಿತ್ತು.

ಗೋಡೆಯ ಕಡೆ ತಿರುಗಿ ಮಲಗಿದೆ. ಮುದುಕಿಯ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೈಯ ವಿಷಯಕ್ಕೆ ಊರೆಲ್ಲ ಸುತ್ತಿ ಒಬ್ಬೊಬ್ಬರ ಒಪ್ಪಿಗೆಗೆ ಕಾದೆನಲ್ಲ, ಆ ಒಪ್ಪಿಗೆ ಅಷ್ಟು ದಿನವೂ ನನ್ನ ಕೈಯಲ್ಲೇ ಇತ್ತಲ್ಲ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ. ಕಾಲಬಳಿ ಕೂತಿದ್ದ ಗಂಡ, "ತಪ್ಪು ನಂದೇ ಕಣೇ," ಎಂದರು. ನಾನು ಇಲ್ಲ ಎನ್ನಲಿಲ್ಲ.

ಮನೆಗೆ ಬರುವಷ್ಟರಲ್ಲಿ ಗೂಡು ಬಿಡಿಸಿ ಆಗಿತ್ತು. ಆ ವರ್ಷ ಅಂಥ ಬೆಳೆ ಮತ್ತೆ ಬರಲಿಲ್ಲ. ಅತ್ತೆಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಗಂಜಿ ತಂದಿಟ್ಟು ಬಹಳ ಹೊತ್ತು ಕೂತಿದ್ದರು.

"ಅಷ್ಟು ದಿನ ಒಳಗಿದ್ರೂ ಹುಳಕ್ಕೇನೂ ಆಗಲಿಲ್ವಲ್ಲೇ."

"ಇಲ್ಲ ಅತ್ತೆ. ಹುಳಕ್ಕೇನೂ ಆಗಲಿಲ್ಲ."

ಈಗ ತಿಂಗಳು ಪೂರ್ತಿ ಹುಳುಮನೆ ನನ್ನದೇ. ಭಾರ ಎತ್ತುವಂತಿಲ್ಲ. ಒಮ್ಮೊಮ್ಮೆ ಸೊಪ್ಪು ಹಾಕುತ್ತ ಹಾಕುತ್ತ ಮೈಯೆಲ್ಲ ಬೆವೆತು, ಕೈ ತಾನಾಗಿ ಸೀರೆಯನ್ನು ಮುಟ್ಟಿ ನೋಡುತ್ತದೆ.

ಕಳೆದ ತಿಂಗಳು ಪಕ್ಕದ ಮನೆಯ ಗಂಗಮ್ಮ ಬಂದಳು. ಐದು ಮಕ್ಕಳ ತಾಯಿ. ಹೊಸ್ತಿಲಾಚೆಯೇ ನಿಂತು, "ರತ್ನಕ್ಕಾ, ಆ ಮುದುಕಿ ಮನೆ ಎಲ್ಲಿ?" ಎಂದು ಕೇಳಿದಳು. ನಾನು ಹೇಳಲಿಲ್ಲ. ಮಾರನೆಯ ದಿನ ಅವಳನ್ನು ಬಸ್ಸು ಹತ್ತಿಸಿಕೊಂಡು, ನನ್ನನ್ನು ವಾಪಸ್ಸು ಕಳಿಸಿದ್ದ ಅದೇ ಆಸ್ಪತ್ರೆಗೆ ಹೋದೆ.

ಅದೇ ಮನುಷ್ಯ. "ಗಂಡನ ಸಹಿ?"

"ಬೇಕು ಅಂತ ಎಲ್ಲಿ ಬರೆದೈತೆ ತೋರ್ಸಿ ಸಾರ್. ಓದ್ಕೋತೀನಿ."

ಅವನು ಗೊಣಗಿದ. ಮಧ್ಯಾಹ್ನದವರೆಗೆ ನಾವು ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಡಾಕ್ಟರೇ ಹೊರಗೆ ಬಂದು ವಿಚಾರಿಸಿ, ಅವನ ಕೈಯಿಂದ ಫಾರಂ ತೆಗೆದುಕೊಂಡರು. ಗಂಗಮ್ಮನಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತಿದಳು. ಒಳಗೆ ಕರೆದರು. ವಂಕಿಯನ್ನೂ ಆಗಲೇ ಹಾಕಿದರು.

ಸಂಜೆ ಬಸ್ ಸ್ಟ್ಯಾಂಡಿಗೆ ಅವಳು ನಡೆದುಕೊಂಡೇ ಬಂದಳು. ಸೀಟಿನಲ್ಲಿ ಕೂತು, ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಉಜ್ಜುತ್ತ ನನ್ನನ್ನು ನೋಡಿದಳು.

"ಇಷ್ಟೇನಾ ರತ್ನಕ್ಕಾ?"

"ಇಷ್ಟೇ ಕಣೇ," ಎಂದು ಕಿಟಕಿಯ ಕಡೆ ತಿರುಗಿಕೊಂಡೆ.