ನೆಲ ಕೊಟ್ಟವರ ಹೆಸರು

ಪಂಚೆ ಎತ್ತಿ ಕಟ್ಟಿ ಸೈಕಲ್ಲಿನಿಂದ ಇಳಿದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವರ ಮಂಡಿಗಳು. ಸಗಣಿ ಸಾರಿಸಿದ ನೆಲ, ಕಲ್ಲುಚಪ್ಪಡಿ, ಸಿಮೆಂಟು, ಎಲ್ಲದರ ಮೇಲೂ ಮೊಣಕಾಲೂರಿ ಅಲ್ಲಿನ ಚರ್ಮ ಕಪ್ಪಗೆ ಜಡ್ಡುಗಟ್ಟಿತ್ತು. ನಮ್ಮ ಭಾಗದ ಕಥೋಲಿಕರಿಗೆಲ್ಲ ಅವರು ಉಪದೇಶಿ. ಹಳ್ಳಿಗಳನ್ನು ಸುತ್ತಿ ಜಪ ಕಲಿಸುವುದು, ಚರ್ಚಿನ ಪಾದ್ರಿ ಸ್ವಾಮಿಗಳು ಬರಲಾಗದ ಭಾನುವಾರ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಐವತ್ತರ ದಶಕದ ಕೊನೆಗೆ ನಾವು ಮೈಸೂರಿನಿಂದ ಜಯನಗರಕ್ಕೆ ಬಂದಾಗ ನಮ್ಮ ಬೀದಿ ಯಾವ ಚರ್ಚಿಗೆ ಸೇರುತ್ತದೆಂದೇ ಯಾರಿಗೂ ತಿಳಿಯದು. ಮಗಳಿಗೆ ಹೆಸರಿಟ್ಟು ಜ್ಞಾನಸ್ನಾನ ಮಾಡಿಸಲು ಹೋದರೆ ಒಂದು ಚರ್ಚಿನವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ವಾಪಸ್ಸು ಕಳಿಸಿದರು. ಕೂಸನ್ನೆತ್ತಿಕೊಂಡು ದಿಕ್ಕು ತೋಚದೆ ನಿಂತಿದ್ದ ನನ್ನನ್ನು ಉಪದೇಶಿಗಳು ಕಂಡರು. "ಬೀದಿ ಹೊಸದಮ್ಮ, ಅವರ ಪಟ್ಟಿ ಹಳೇದು. ಅವರಿಗೂ ಗೊತ್ತಿಲ್ಲ. ಬನ್ನಿ, ನಾನೂ ಬರ್ತೀನಿ" ಎಂದು ಜೊತೆಗೆ ಬಂದು ಜ್ಞಾನಸ್ನಾನ ಮಾಡಿಸಿಕೊಟ್ಟರು.

"ಗೊತ್ತಿಲ್ಲ" ಅನ್ನುವ ಮಾತನ್ನು ಅಷ್ಟು ನಿರಾಳವಾಗಿ ಆಡುತ್ತಿದ್ದ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಚರ್ಚುಗಳಲ್ಲಿ ಲ್ಯಾಟಿನ್ ಹೋಗಿ ಕನ್ನಡದಲ್ಲಿ ಪೂಜೆ ಶುರುವಾದಾಗ ನಾವೆಲ್ಲ ಹಿಗ್ಗಿದೆವು. ಅವರು ಮಾತ್ರ ಜಪ ಹೇಳುವಾಗ ನಡುನಡುವೆ ತಡವರಿಸಿ ನಿಂತುಬಿಡುತ್ತಿದ್ದರು. ಕೇಳಿದರೆ, "ಅರ್ಥ ಆಗದೆ ಇದ್ದಾಗ ಸಲೀಸಾಗಿ ಹೇಳ್ತಿದ್ದೆ. ಈಗ ಅರ್ಥ ಆಗ್ತಿದೆ, ಬಾಯಿ ಬರ್ತಿಲ್ಲ" ಎಂದರು.

ಅದೇ ಹೊತ್ತಿಗೆ ಅರೆಕೆರೆಯಿಂದಾಚೆ, ಅವರ ಹುಟ್ಟೂರಿನಲ್ಲಿ, ಹಳೆಯ ಚರ್ಚಿದ್ದ ಜಾಗದಲ್ಲೇ ಹೊಸದು ಏಳುತ್ತಿತ್ತು. ಅದರ ಚರಿತ್ರೆ ಬರೆದುಕೊಡಿ, ನೆಲ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸೋಣ ಎಂದು ಸ್ವಾಮಿಗಳು ಇವರಿಗೆ ಹೇಳಿದರು. ನೆಲ ಕೊಟ್ಟದ್ದು ತಾನೇ ಎಂದು ಇವರ ತಂದೆ ಸಾಯುವವರೆಗೂ ಹೇಳಿಕೊಂಡಿದ್ದರಂತೆ. ಆ ಮನೆಗೆ ಇದ್ದ ದೊಡ್ಡ ಹೆಮ್ಮೆ ಅದೊಂದೇ. ನಾನು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಆ ಊರಿನ ಅತಿ ಹಿರಿಯ ಅಜ್ಜಿಯನ್ನು ಕಾಣಲು ಹೋದೆವು. ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಂದೆ ನೆಲ ಕೊಟ್ಟ ವಿಷಯ ಎತ್ತಿದ್ದೇ ತಡ, ಅವಳ ಕೈ ನಿಂತಿತು.

"ನಿಮ್ಮಪ್ಪ ಎಲ್ಲಿ ಕೊಟ್ಟ? ಕೊಟ್ಟಿದ್ದು ಕೆರೆ ಏರಿ ಮನೆ ಗೌಡ್ರು. ಪಿಲೇಗು ಬಂದಾಗ ಆಗಿನ ಸ್ವಾಮ್ಯೋರು ಅವ್ರ ಸೊಸೇನ ಹತ್ರ ಕೂತು ನೋಡ್ಕಂಡ್ರು, ಅದಕ್ಕೆ. ನಿಮ್ಮಪ್ಪ ಚಾವಣಿಗೆ ಗರಿ ಹೊದಿಸ್ದ. ಅಷ್ಟೆ."

ಉಪದೇಶಿಗಳು ಸ್ವಲ್ಪ ಹೊತ್ತು ತಾವೂ ಅವರೆಕಾಯಿ ಬಿಡಿಸಿದರು. ಆಮೇಲೆ ಗೌಡರ ಮನೆಯಲ್ಲಿ ವಿಚಾರಿಸಿದರೆ ಅವರಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಚರ್ಚಿನ ಹಳೆಯ ಕಾಗದಗಳನ್ನು ಗೆದ್ದಲು ತಿಂದಿತ್ತು.

ಶುದ್ಧಪ್ರತಿ ಬರೆಯುವಾಗ ನಾನು ಅಜ್ಜಿಯ ಮಾತನ್ನು ಬಿಟ್ಟುಬಿಟ್ಟೆ. ಉಪದೇಶಿಗಳಿಗೆ ಒಳ್ಳೆಯದಾಗಲಿ ಎಂದೇ ಬಿಟ್ಟಿದ್ದು. ಅವರು ಓದುತ್ತ ಬಂದು ಆ ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ ಬಿಟ್ಟುಹೋಗಿದೆ ಟೀಚರಮ್ಮ."

"ಅಜ್ಜಿಗೆ ವಯಸ್ಸಾಗಿದೆ. ತಪ್ಪು ನೆನಪಿರಬಹುದಲ್ವಾ?"

"ಇರಬಹುದು. ಹೇಳುವಾಗ ನಮ್ಮಪ್ಪಂಗೂ ವಯಸ್ಸಾಗಿತ್ತು. ಎರಡೂ ಬರೀರಿ. ಯಾವುದು ನಿಜ ಅಂತ ಗೊತ್ತಾಗಲಿಲ್ಲ ಅಂತಾನೂ ಬರೀರಿ."

ಬರೆದೆ. ಹೀಗೂ ಒಂದು ಚರಿತ್ರೆ ಉಂಟೇ ಎಂದು ಓದಿದ ಸ್ವಾಮಿಗಳು ಗಲಿಬಿಲಿಗೊಂಡರು. ಕೊನೆಗೆ ಕಲ್ಲಿನ ಮೇಲೆ ಯಾರ ಹೆಸರೂ ಬರಲಿಲ್ಲ. "ಊರವರು ಕೊಟ್ಟ ನೆಲ" ಎಂದಷ್ಟೇ ಕೆತ್ತಿಸಿದರು. ಚರ್ಚು ತೆರೆದ ದಿನ ಉಪದೇಶಿಗಳ ಅಣ್ಣ ಆ ಕಲ್ಲು ಓದಿ, ಪೂಜೆಗೂ ನಿಲ್ಲದೆ ಹೊರಟುಹೋದರು. ಆಮೇಲೆ ತಮ್ಮನೊಡನೆ ಮಾತು ಬಿಟ್ಟರು. ಇವರು ಹಬ್ಬಹಬ್ಬಕ್ಕೂ ಅಣ್ಣನ ಮನೆಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಕೊಂಚ ನಿಂತು ಬರುತ್ತಿದ್ದರು. ಮಾಡಿದ್ದು ಸರಿಯೋ ತಪ್ಪೋ ಎಂದು ಒಮ್ಮೆ ನನ್ನನ್ನೇ ಕೇಳಿದರು. "ಗೊತ್ತಿಲ್ಲ" ಎಂದೆ. ಈಗಲೂ ಗೊತ್ತಿಲ್ಲ. ಆದರೆ ಅಂದಿನಿಂದ ತರಗತಿಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಮಕ್ಕಳಿಗೆ ಹೇಳುತ್ತ ಬಂದೆ. ಆ ಧೈರ್ಯ ಅವರು ಕೊಟ್ಟದ್ದು.

ಎರಡು ವರ್ಷದೊಳಗೆ ಅವರು ಎದೆನೋವಿನಿಂದ ತೀರಿಕೊಂಡರು. ಸಮಾಧಿಯ ಹತ್ತಿರ ಅಣ್ಣ ಎಲ್ಲರಿಂದ ದೂರ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದು ಕೇಳಿದರು: "ಬರ್ದಿದ್ದು ನೀವೇ ಅಲ್ವಾ ಟೀಚರಮ್ಮ? ಅವನಿಗೆ ಅಪ್ಪನ ಮೇಲೆ ಅಂಥಾ ಸಿಟ್ಟು ಏನಿತ್ತು?"

"ಸಿಟ್ಟಿರಲಿಲ್ಲ. ಅಪ್ಪನೇ ಕೊಟ್ಟಿರಲಿ ಅಂತ ಅವರಿಗೆ ನಿಮಗಿಂತ ಹೆಚ್ಚು ಆಸೆ ಇತ್ತು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಮುಂದೆ ಹೋಗಿ, ತಮ್ಮನಿಗೆ ಎರಡೂ ಕೈ ತುಂಬ ಮಣ್ಣು ಹಾಕಿದರು.